ಐವತ್ತೆರಡನೇ ನಿಮಿಷ

ಅನಗೋಳ, ಬೆಳಗಾವಿ
6 ಆಗಸ್ಟ್ 2023

ಶ್ರೀಯುತ ಬೀರೇಶ ಪೂಜೇರಿ,
ಹದಿನೈದು ವರ್ಷದೊಳಗಿನ ಹುಡುಗರ ಫುಟ್‌ಬಾಲ್ ಕೋಚ್,
ಮಡಗಾಂವ್ ರೇಂಜರ್ಸ್ ಕ್ಲಬ್, ಗೋವಾ, ಇವರಿಗೆ.

ವಿಷಯ: ತಾವು ದೂರವಾಣಿಯಲ್ಲಿ ‘ಹೂಂ’ ಎಂಬ ಏಕೈಕ ಉತ್ತರ ನೀಡುತ್ತಿರುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ತಾವು ಗೋವಾಕ್ಕೆ ಹೋದ ಎರಡು ತಿಂಗಳಲ್ಲಿ ತಮ್ಮ ಅಣ್ಣನ ಏಕೈಕ ಪುತ್ರಿಯಾದ ನಾನು ಒಂಬತ್ತು ಸಲ ಫೋನ್ ಮಾಡಿದ್ದು, ತಾವು ಒಟ್ಟು ಮೂವತ್ತೊಂದು ಸಲ ‘ಹೂಂ’, ಎರಡು ಸಲ ‘ಹಾಂ’ ಹಾಗೂ ಒಂದು ಸಲ ‘ಆತವ್ವ, ಇಡ್ತೀನಿ’ ಎಂದಿರುತ್ತೀರಿ. ಇದು ಕಾಕಾ ಆದವನಿಗೆ ಶೋಭೆಯಲ್ಲ. ಇತ್ತ ನಾನು ಫೋನ್ ಹಿಡಿದ ಕೂಡಲೇ ನಮ್ಮಪ್ಪ ಟೀವಿಯ ಧ್ವನಿ ಏರಿಸುತ್ತಾರೆ. ಆದ್ದರಿಂದ ಇನ್ನು ಮುಂದೆ ನಮ್ಮಿಬ್ಬರ ವ್ಯವಹಾರ ಕಾಗದದ ಮೇಲೆ ನಡೆಯತಕ್ಕದ್ದು. ಉತ್ತರವನ್ನು ಖಾನಾಪುರಕ್ಕೆ, ಆಯಿಯ, ಅಂದರೆ ತಮ್ಮ ತಾಯಿಯವರ, ವಿಳಾಸಕ್ಕೆ ಹಾಕತಕ್ಕದ್ದು. ರವಿವಾರಕ್ಕೊಮ್ಮೆ ನಾನು ಬಸ್ಸಿನಲ್ಲಿ ಹೋಗಿ ಅವಳಿಗೆ ಓದಿ ಹೇಳುತ್ತೇನೆ.

ಪ್ರಕರಣದ ಹಿನ್ನೆಲೆ, ಕಡತ ಪೂರ್ಣವಾಗಿರಲೆಂದು ಮಾತ್ರ: ಸದರಿ ಬೀರೇಶ ಪೂಜೇರಿಯವರು ಬೆಳಗಾವಿಯ ನಾನಾ ತಂಡಗಳಲ್ಲಿ ಹನ್ನೊಂದು ವರ್ಷ ಆಡಿದ್ದು, ಹೆಚ್ಚಿನ ಕಾಲ ಬೆಂಚಿನ ಮೇಲೆ ಕುಳಿತೇ ಆಡಿದ್ದಾರೆ. ಹೊಡೆದ ಗೋಲು ಒಂದು. ಅದೂ ಚೆಂಡು ಅವರ ಕಿವಿಗೆ ಬಡಿದು ತಾನೇ ಒಳಗೆ ಹೋದದ್ದು. ಅವರ ಅಣ್ಣ ಸಂಜಯ ಪೂಜೇರಿಯವರು ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಲೇಥ್ ಮಶೀನು ನಡೆಸುವವರು, ಆ ಕಾರ್ಖಾನೆಯ ತಂಡದ ಒಂಬತ್ತನೇ ನಂಬರು, ಊರಿಗೆಲ್ಲ ಗೊತ್ತಿದ್ದ ಆಟಗಾರ. ಆಟ ಬಿಟ್ಟ ಮೇಲೆ ಸದರಿ ಬೀರೇಶರು ಅಣ್ಣ ಆಡುತ್ತಿದ್ದ ಅದೇ ತಂಡಕ್ಕೆ ಕೋಚ್ ಆದರು. 2017ರ ಡಿಸೆಂಬರ್, ಫೈನಲ್ ಪಂದ್ಯ, ಐವತ್ತೆರಡನೇ ನಿಮಿಷ. ಪಂದ್ಯದ ಅಧಿಕಾರಿ ಎತ್ತಿ ಹಿಡಿದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 9 ಎಂದು ಬರೆದಿತ್ತು. ಒಂಬತ್ತನೇ ನಂಬರಿನವರು ಹೊರಗೆ ಬರತಕ್ಕದ್ದು ಎಂದು ಅರ್ಥ.

ಇಲ್ಲಿಂದ ಮುಂದೆ ನನಗೆ ಸರ್ಕಾರಿ ಭಾಷೆ ಒದಗುವುದಿಲ್ಲ, ಕಾಕಾ. ನನಗೆ ಆಗ ಹನ್ನೊಂದು ವರ್ಷ. ಕಿತ್ತಳೆ ಹೋಳಿನ ಡಬ್ಬಿ ಹಿಡಿದು ಗೆರೆಯ ಹತ್ತಿರ ನಿಂತಿದ್ದೆ. ಅಪ್ಪ ಮೈದಾನದ ಆಚೆ ತುದಿಯಲ್ಲಿದ್ದರು. ಹಲಗೆ ನೋಡಿದರು. ಆಮೇಲೆ ನಿನ್ನನ್ನು ನೋಡಿದರು. ನೀನು ಬಗ್ಗಿ ಕೈಯಲ್ಲಿನ ಕಾಗದ ಓದುತ್ತಿದ್ದೆ. ಅಪ್ಪ ಇಡೀ ಮೈದಾನ ದಾಟಿ ನಡೆದು ಬಂದರು, ಬೆಂಚಿನ ಕಡೆಗೆ ಬರದೆ ಗೇಟಿನಿಂದ ಹೊರಗೆ ಹೋದರು, ಆ ಮೊಳೆ ಬೂಟಿನಲ್ಲೇ ಅನಗೋಳದ ತನಕ ಡಾಂಬರ್ ರಸ್ತೆಯ ಮೇಲೆ ಟಕ್ ಟಕ್ ಎಂದು ನಡೆದರು. ನಾನು ಡಬ್ಬಿ ಹಿಡಿದು ಹಿಂದೆ ಹಿಂದೆ ಓಡಿದೆ. ತಂಡ ಒಂದು ಗೋಲಿನಿಂದ ಗೆದ್ದಿತಂತೆ. ಅಂದಿನಿಂದ ಅಪ್ಪ ನಿನ್ನ ಸಂಗಡ ಒಂದು ಮಾತೂ ಆಡಿಲ್ಲ. ನೀನು ಸಾಮಾನು ಕಟ್ಟಿಕೊಂಡು ಖಾನಾಪುರಕ್ಕೆ ಹೋದೆ. ಈಗ ಇನ್ನೂ ದೂರ.

ಆದ ಕಾರಣ ಈ ಮೂಲಕ ಪ್ರತಿಜ್ಞೆ ಮಾಡುವುದೇನೆಂದರೆ, ನಿಮ್ಮಿಬ್ಬರನ್ನೂ ಪರಸ್ಪರ ಮಾತಾಡಿಸದೆ ನಾನು ಬಿ.ಕಾಂ. ಪಾಸಾಗುವುದಿಲ್ಲ. (ಮಾತಾಡಿಸಿದರೂ ಪಾಸಾಗುವ ಲಕ್ಷಣ ಕಡಿಮೆ. ಅದು ಬೇರೆ ಕಡತ.)

ಆಯಿ ಕೇಳಲು ಹೇಳಿದ್ದು: “ಹುಡುಗೋರಿಗೆ ಓಡಾಕ ಕಲಸಾಕ ಅಲ್ಲೀತನಾ ಹೋಗಬೇಕಿತ್ತೇನ? ನಮ್ಮ ಕುರಿಮರಿ ಯಾರೂ ಕಲಸಲಾರದ ಓಡತಿದ್ದುವಲ್ಲ!” ಮೀನು ತಿನ್ನುವಾಗ ಮುಳ್ಳು ನೋಡಿಕೋ ಎಂದೂ ಹೇಳಿದ್ದಾಳೆ.

ತಮ್ಮ ವಿಧೇಯ,
ರೂಪಾಲಿ ಸಂಜಯ ಪೂಜೇರಿ
ಪ್ರಕರಣದ ಸಾಕ್ಷಿ, ಟಪಾಲು ಹಾಗೂ ತನಿಖಾಧಿಕಾರಿ


ಮಡಗಾಂವ್
19 ಆಗಸ್ಟ್ 2023

ರೂಪಾ,

ಪತ್ರ ಬಂತು. ಎರಡು ಸಲ ಓದಿದೆ. ಹೂಂ.

ನನಗೆ ಪಂದ್ಯದ ವರದಿ ಬರೆದು ಅಭ್ಯಾಸ. ಹಾಗೇ ಬರೆಯುತ್ತೇನೆ, ಸಿಟ್ಟಾಗಬೇಡ. ಹುಡುಗರು ಇಪ್ಪತ್ತೆರಡು. ಮಳೆ ಬಹಳ. ಮೈದಾನ ಕೆಸರು. ಊಟಕ್ಕೆ ತೊಂದರೆಯಿಲ್ಲ, ಮುಳ್ಳು ನೋಡಿಯೇ ತಿನ್ನುತ್ತೇನೆ. ಕೊಂಕಣಿ ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ನಮ್ಮ ಖಾನಾಪುರದ ಮರಾಠಿ ಕೆಲಸಕ್ಕೆ ಬರುತ್ತಿದೆ.

ಓಡುವುದನ್ನು ನಾನು ಕಲಿಸುವುದಿಲ್ಲವೆಂದು ಆಯಿಗೆ ಹೇಳು. ಎಲ್ಲಿ ನಿಲ್ಲಬೇಕೆಂದು ಕಲಿಸುತ್ತೇನೆ.

ಕಿವಿಗೆ ಬಡಿದು ಹೋದರೂ ನಿಯಮದ ಪ್ರಕಾರ ಅದು ಗೋಲೇ.

ಹಿನ್ನೆಲೆಯಲ್ಲಿ ನೀನು ಬರೆದದ್ದು ನಿಜ. ಒಂದು ತಿದ್ದುಪಡಿ. ನಾನು ಕಾಗದ ಓದುತ್ತಿರಲಿಲ್ಲ. ಅದರಲ್ಲಿ ಏನೂ ಬರೆದಿರಲಿಲ್ಲ.

ಬಿ.ಕಾಂ. ಓದು.

ಬೀರೇಶ ಕಾಕಾ


ಅನಗೋಳ
18 ಫೆಬ್ರವರಿ 2024

ಮಾನ್ಯ ಸಹಾಯಕ ಕೋಚ್ ಸಾಹೇಬರೇ,

ವಿಷಯ: ಬಡ್ತಿ ಹಾಗೂ ಅದರಿಂದ ಓಣಿಯಲ್ಲಿ ಉಂಟಾದ ಪರಿಣಾಮಗಳು.

ತಾವು ಹದಿನೈದರ ಹುಡುಗರನ್ನು ಬಿಟ್ಟು ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಆಡುವ ದೊಡ್ಡ ತಂಡಕ್ಕೆ ಸಹಾಯಕ ಕೋಚ್ ಆದ ಸುದ್ದಿ ಖಾನಾಪುರಕ್ಕೆ ತಲುಪಿದ ದಿನವೇ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಏನು ವಿಶೇಷ ಎಂದವರಿಗೆ, “ಪೋರ್ಚುಗಲ್ ದೇಶದ ಸಾಹೇಬ ಒಬ್ಬಾಂವ ಅದಾನಂತ. ಅವಗ ತಿಳೀಲಿಲ್ಲಂದ್ರ ನಮ್ಮ ಬೀರ್ಯಾ ಹೇಳಿಕೊಡತಾನ” ಎಂದಳು. ನಾನು ತಿದ್ದಲಿಲ್ಲ.

ಈಗ ಗುಪ್ತ ವರದಿ. ಆರೋಪಿ ನಂಬರ್ ಎರಡು, ಅಂದರೆ ನಮ್ಮಪ್ಪ, ಕಳೆದ ಮೂರು ವಾರಗಳಿಂದ ನಿಮ್ಮ ತಂಡದ ಪಂದ್ಯಗಳನ್ನು ಟೀವಿಯಲ್ಲಿ ನೋಡುತ್ತಿದ್ದಾರೆ. ಧ್ವನಿ ಪೂರ್ತಿ ಬಂದ್. ಧ್ವನಿ ಇಲ್ಲದಿದ್ದರೆ ನೋಡಿದ ಹಾಗಾಗುವುದಿಲ್ಲ ಎಂಬುದು ಅವರ ಲೆಕ್ಕವಿರಬೇಕು.

“ಯಾರ ಮ್ಯಾಚ್‌ ರೀ?” ಎಂದು ಅವ್ವ ಕೇಳಿದಳು.

“ಯಾರದೋ. ರಿಮೋಟ್ ಕೆಟ್ಟೈತಿ, ಬ್ಯಾರೆ ಚಾನಲ್ ಹತ್ತವಲ್ತು.”

ಮೊನ್ನೆ ಕ್ಯಾಮೆರಾ ಎರಡು ಕ್ಷಣ ನಿನ್ನ ಮೇಲೆ ಬಂತು. ನೀನು ನೀರಿನ ಬಾಟಲಿಗಳ ಬುಟ್ಟಿ ಹೊತ್ತು ಹೋಗುತ್ತಿದ್ದೆ. ಅಪ್ಪ ಕುರ್ಚಿಯ ತುದಿಗೆ ಬಂದರು. ಅವರ ಬಾಯಿ ತೆರೆಯಿತು. ಆರು ವರ್ಷ ಎರಡು ತಿಂಗಳ ಬಳಿಕ ನಿನ್ನ ಕುರಿತು ಹೊರಬಿದ್ದ ಮೊದಲ ಅಧಿಕೃತ ಹೇಳಿಕೆಯನ್ನು ಯಥಾವತ್ತಾಗಿ ಕೆಳಗೆ ಕೊಟ್ಟಿದ್ದೇನೆ:

“ಹೊಟ್ಟಿ ಬಂದೈತಿ.”

ನಾನು ಅಡುಗೆ ಮನೆಗೆ ಹೋಗಿ ಅವ್ವನನ್ನು ತಬ್ಬಿಕೊಂಡೆ. ಅವಳ ಕೈಯಲ್ಲಿ ರೊಟ್ಟಿ ಹಿಟ್ಟಿತ್ತು. ಹಾಗೇ ಬೈದಳು.

ಅಭಿನಂದನೆಗಳೊಂದಿಗೆ,
ರೂಪಾಲಿ
(ವಾಣಿಜ್ಯ ವಿಭಾಗ, ಎರಡು ವಿಷಯ ಬಾಕಿ)


ಮಡಗಾಂವ್
9 ಮಾರ್ಚ್ 2024

ರೂಪಾ,

ಹೊಟ್ಟೆ ಬಂದಿಲ್ಲ. ಜಾಕೀಟು ದೊಡ್ಡದು. ಅಣ್ಣನಿಗೆ ಹೇಳಬೇಡ.

ಹಾಗೆ ಅಂದನಾ? ಖರೇನಾ? ಯಾವ ಧ್ವನಿಯಲ್ಲಿ ಅಂದ, ಮುಂದಿನ ಪತ್ರದಲ್ಲಿ ಬರೆ.

ಇನ್ನು ನನ್ನ ಕೆಲಸ. ಬುಟ್ಟಿ ಹೊರುತ್ತೇನೆ. ಸಾಹೇಬರು ಹೇಳಿದ್ದನ್ನು ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳುತ್ತೇನೆ. ಆದರೆ ನನ್ನನ್ನು ಇಟ್ಟುಕೊಂಡದ್ದು ಅದಕ್ಕಲ್ಲ. ದೊಡ್ಡ ಆಟಗಾರರಾಗಿದ್ದವರಿಗೆ ಆಡುವವರು ಕಾಣುತ್ತಾರೆ. ನಾನು ಹನ್ನೊಂದು ವರ್ಷ ಬೆಂಚಿನ ಮೇಲೆ ಕುಳಿತವನು, ನನಗೆ ಆಡದವರು ಕಾಣುತ್ತಾರೆ. ಯಾರು ಸಿಟ್ಟಿನಲ್ಲಿದ್ದಾರೆ, ಯಾರು ಮನೆಗೆ ಹೋಗುವ ವಿಚಾರದಲ್ಲಿದ್ದಾರೆ, ಯಾರನ್ನು ಎಬ್ಬಿಸಿದರೆ ಹತ್ತೇ ನಿಮಿಷದಲ್ಲಿ ಪಂದ್ಯ ತಿರುಗಿಸುತ್ತಾರೆ. ಸಾಹೇಬರು ನನ್ನನ್ನು ಕೇಳುತ್ತಾರೆ. ಐದರಲ್ಲಿ ನಾಲ್ಕು ಸಲ ಸರಿಯಾಗಿದೆ.

ಮುಖ್ಯ ಕೋಚ್ ಆಗಲು ಬೇಕಾದ ಕೊನೆಯ ಪರೀಕ್ಷೆಗೂ ಕುಳಿತಿದ್ದೇನೆ. ನೀನೂ ಬಾಕಿ ವಿಷಯಗಳಿಗೆ ಕೂರು. ಯಾರು ಮೊದಲು ಪಾಸಾಗುತ್ತಾರೆ ನೋಡೋಣ.

ಕಾಕಾ


ಅನಗೋಳ
8 ಡಿಸೆಂಬರ್ 2024

ಮಹಾರಾಜಶ್ರೀ ಹಂಗಾಮಿ ಮುಖ್ಯ ಕೋಚ್ ಬೀರೇಶ ಪೂಜೇರಿಯವರ ಸನ್ನಿಧಾನಕ್ಕೆ,

ಐದು ಪಂದ್ಯ ಸತತ ಸೋತು ಪೋರ್ಚುಗಲ್ ಸಾಹೇಬರು ವಿಮಾನ ಹತ್ತಿದರು ಎಂದೂ, ಬೇರೆಯವರು ಸಿಗುವತನಕ ತಂಡವನ್ನು ನಿನಗೆ ವಹಿಸಿದ್ದಾರೆ ಎಂದೂ, ನೀನು ಮೂರರಲ್ಲಿ ಎರಡು ಗೆದ್ದೆ ಎಂದೂ ಪತ್ರಿಕೆಯಲ್ಲಿ ಓದಿ ಈ ಕಚೇರಿಯು ಸುಮ್ಮನೆ ಕೂರಲಿಲ್ಲ. ನಮ್ಮ ಓಣಿಯ ಮೂಲೆಯಲ್ಲಿ ಹತ್ತು ಅಡಿಯ ಫ್ಲೆಕ್ಸ್ ಕಟ್ಟಿಸಿದೆ. ನಡುವೆ ನಿನ್ನ ಫೋಟೋ. ಕೆಳಗೆ ‘ಶುಭ ಕೋರುವವರು’ ಎಂದು ಹನ್ನೊಂದು ದುಂಡನೆಯ ಫೋಟೋಗಳು: ಓಣಿಯ ಒಂಬತ್ತು ನಾಯಿ, ನಮ್ಮ ಬೆಕ್ಕು, ಶಿವಬಸವ್ವಜ್ಜಿಯ ಎಮ್ಮೆ. ಪ್ರತಿಯೊಬ್ಬರಿಗೂ ‘ಯುವ ಮುಖಂಡರು’, ‘ಸಮಾಜ ಸೇವಕರು’ ಎಂದು ಹುದ್ದೆ ಕೊಟ್ಟಿದ್ದೇನೆ. ಎಮ್ಮೆ ಗೌರವಾಧ್ಯಕ್ಷೆ.

ಪಕ್ಕದ ಮನೆಯ ಶಶಿಧರ ಅಂಕಲ್ ಬಹಳ ನೊಂದುಕೊಂಡರು. “ನಾಯಿಗೆ ಜಾಗಾ ಸಿಕ್ಕೈತಿ, ನನಗ ಸಿಗಲಿಲ್ಲಲ್ಲವ್ವ? ನಾ ಅವನ ಕೂಡ ಒಂದ ಬೆಂಚಿನ ಮ್ಯಾಲ ಕುಂತೀನಿ!”

ಮೊದಲ ದಿನ ಅಪ್ಪ ಅದನ್ನು ನೋಡಿ ಸ್ಕೂಟರ್ ತಿರುಗಿಸಿ ಹಿಂದಿನ ಓಣಿಯಿಂದ ಮನೆಗೆ ಬಂದರು. ಎರಡನೇ ದಿನವೂ ಹಾಗೇ. ಮೂರನೇ ದಿನ ಗಾಳಿಗೆ ಫ್ಲೆಕ್ಸಿನ ಒಂದು ತುದಿ ಬಿಚ್ಚಿ ನಿನ್ನ ಅರ್ಧ ಮುಖ ಮಡಚಿಕೊಂಡಿತ್ತು. ನಾನು ಕಟ್ಟಲು ಹೋದರೆ ಆಗಲೇ ಅಪ್ಪ ಕಟ್ಟೆಯ ಮೇಲೆ ಹತ್ತಿ, ಬಾಯಲ್ಲಿ ತಂತಿ ಕಚ್ಚಿಕೊಂಡು, ಇಕ್ಕಳ ಹಿಡಿದು ಬಿಗಿಯುತ್ತಿದ್ದರು. ನನ್ನನ್ನು ನೋಡಿ ಗದರಿದರು.

“ಹೋಗಿ ಬರೋರ ಮಾರಿಗೆ ಬಡೀತಿತ್ತು. ಗಾಡಿಯವರು ಬಿದ್ರ ಯಾರ ಜವಾಬ್ದಾರಿ? ನಿಮ್ಮ ಎಮ್ಮಿ?”

ಕಾಕಾ, ಇನ್ನೊಂದು ಕೇಳುವುದಿದೆ. ನೀನು ಯಾರನ್ನಾದರೂ ಹೊರಗೆ ಕರೆಯುವ ಮೊದಲು, ಚೆಂಡು ನಿಂತಾಗ, ಅವನನ್ನು ಗೆರೆಯ ಹತ್ತಿರ ಬರಮಾಡಿಕೊಳ್ಳುತ್ತೀ. ಕೈ ಹಿಡಿಯುತ್ತೀ. ಮುಖ ನೋಡಿ ಏನೋ ಹೇಳುತ್ತೀ. ಅವನು ತಲೆಯಾಡಿಸಿದ ಮೇಲೆಯೇ ಹಲಗೆ ಏಳುತ್ತದೆ. ಸಿಟ್ಟಿನಲ್ಲಿ ಬಂದವನೂ ಸುಮ್ಮನೆ ಹೋಗಿ ಕೂರುತ್ತಾನೆ. ಇಂಥದ್ದನ್ನು ಬೇರೆ ಕೋಚ್‌ಗಳು ಮಾಡುವುದಿಲ್ಲ ಎಂದು ಪತ್ರಿಕೆಯಲ್ಲೂ ಬಂದಿತ್ತು. ಏನು ಹೇಳುತ್ತೀ?

ಯಾಕೆ ಕೇಳುತ್ತೇನೆಂದರೆ, ಟೀವಿಯಲ್ಲಿ ಅದು ಬಂದಾಗಲೆಲ್ಲ ಅಪ್ಪ ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ನಿನ್ನೆಯೂ ಎದ್ದರು. ಆದರೆ ನೀರಿನ ಕೊಡದ ತನಕ ಹೋಗಲಿಲ್ಲ. ಬಾಗಿಲಲ್ಲಿ ನಿಂತು, ನೀನು ಆ ಹುಡುಗನ ಕೈ ಬಿಡುವ ತನಕ ನೋಡಿದರು.

ರೂಪಾ


ಮಡಗಾಂವ್
12 ಜನವರಿ 2025

ರೂಪಾ,

ಕ್ಲಬ್ಬಿನವರು ಹಂಗಾಮಿ ಎಂಬುದನ್ನು ತೆಗೆದು ಹಾಕುತ್ತೇವೆ ಎಂದರು. ಆ ಕೊನೆಯ ಪರೀಕ್ಷೆ ಪಾಸಾದೆನಲ್ಲ, ಮೂರು ವರ್ಷಕ್ಕೆ ಮುಖ್ಯ ಕೋಚ್. ಕಾಗದ ಮೇಜಿನ ಮೇಲಿದೆ. 25ನೇ ತಾರೀಖಿನೊಳಗೆ ಸಹಿ ಹಾಕಬೇಕು. ಹಾಕದಿದ್ದರೆ ಬೇರೆಯವರು ಬರುತ್ತಾರೆ, ನಾನು ಮತ್ತೆ ಹದಿನೈದರ ಹುಡುಗರ ಹತ್ತಿರ ಹೋಗುತ್ತೇನೆ.

ಇನ್ನೂ ಹಾಕಿಲ್ಲ. ಮಚ್ಛೆಯ ತಂಡಕ್ಕೆ ಕೋಚ್ ಆಗುವಾಗ ನಾನು ಅಣ್ಣನನ್ನು ಕೇಳಿರಲಿಲ್ಲ. ಅವನು ಆಡುವ ತಂಡ, ಕೇಳಬೇಕಿತ್ತು. ಈ ಸಲವೂ ಅವನನ್ನು ಕೇಳದೆ ಹಾಕಲು ಕೈ ಬರುತ್ತಿಲ್ಲ. ಕೇಳುವ ದಾರಿ ಗೊತ್ತಿಲ್ಲ. ಫೋನ್ ಮಾಡಿದರೆ ಟೀವಿ ದೊಡ್ಡದಾಗುತ್ತದೆ ಎಂದು ನೀನೇ ಬರೆದಿದ್ದೀ. ಒಂದು ಮಾತು ಅಂದಿದ್ದರೆ ಸಾಕಿತ್ತು. ಬೈದಿದ್ದರೂ ನಡೆಯುತ್ತಿತ್ತು.

ಆಟಗಾರರಿಗೆ ಏನು ಹೇಳುತ್ತೇನೆಂದು ಕೇಳಿದ್ದೆ. ಯಾಕೆ ಕರೆಯುತ್ತಿದ್ದೇನೆ ಎಂದು ಹೇಳುತ್ತೇನೆ. ಅಷ್ಟೇ.

ಕಾಕಾ


(ಕಡತದ ಟಿಪ್ಪಣಿ: ಮುಂದಿನ ಪತ್ರ ಖೊಟ್ಟಿ. ಅಪ್ಪನ ಹೆಸರಿನಲ್ಲಿ, ಅಪ್ಪನಿಗೆ ತಿಳಿಯದಂತೆ, ನಾನು ಬರೆದು ಹಾಕಿದ್ದು. ಎಂಟನೇ ತರಗತಿಯಿಂದ ನನ್ನ ಪ್ರಗತಿಪತ್ರಕ್ಕೆ ಅಪ್ಪನ ಸಹಿ ಮಾಡುತ್ತ ಬಂದ ಕೈ ಇದು. ರೂಪಾ.)

ಅನಗೋಳ
16 ಜನವರಿ 2025

ಬೀರೇಶ,

ಸುದ್ದಿ ತಿಳಿಯಿತು. ಸಂತೋಷವಾಯಿತು. ಅಂದು ನೀನು ಮಾಡಿದ್ದು ಸರಿ. ನನ್ನ ಮನಸ್ಸಿನಲ್ಲಿ ಈಗ ಏನೂ ಇಲ್ಲ. ಧೈರ್ಯವಾಗಿ ಸಹಿ ಹಾಕು.

ನಿನ್ನ ಅಣ್ಣ,
ಸಂಜಯ


ಮಡಗಾಂವ್
24 ಜನವರಿ 2025

ಅಣ್ಣನಿಗೆ ಬೀರೇಶನ ನಮಸ್ಕಾರ.

ನಿನ್ನ ಪತ್ರ ಬಂದಾಗ ಅಭ್ಯಾಸ ನಡೆದಿತ್ತು. ಮೈದಾನದ ನಡುವೆ ನಿಂತೇ ಓದಿದೆ. ಆಟಗಾರರು ನನ್ನ ಮುಖ ನೋಡಿ, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಓಡಿ ಬಂದರು. ನಮ್ಮಣ್ಣನ ಕಾಗದ ಎಂದೆ. ಅವತ್ತೇ ಸಹಿ ಹಾಕಿದೆ.

ನಾನು ಮಾಡಿದ್ದು ಸರಿ ಎಂದು ಬರೆದಿದ್ದೀ. ಪೂರ್ತಿ ಒಪ್ಪಲಾರೆ. ನಿನ್ನನ್ನು ಹೊರಗೆ ತೆಗೆದದ್ದು ಸರಿ. ಮೊದಲರ್ಧದಲ್ಲೇ ನಿನ್ನ ಎಡಗಾಲು ಎಳೆಯುತ್ತಿತ್ತು, ಎದುರಿನವರು ಅದನ್ನು ನೋಡಿಬಿಟ್ಟಿದ್ದರು. ಅದೇ ಪಂದ್ಯ ನಾಳೆ ಬಂದರೂ ತೆಗೆಯುತ್ತೇನೆ. ಸುಳ್ಳು ಹೇಳಿ ನಿನ್ನ ಮನಸ್ಸು ಗೆಲ್ಲಲಾರೆ. ನಾನು ತಪ್ಪಿದ್ದು ಬೇರೆ ಕಡೆ.

ಅರ್ಧ ಸಮಯದಲ್ಲಿ ನೀನು ನನ್ನ ಪಕ್ಕದಲ್ಲೇ ಕುಳಿತಿದ್ದೆ. ಬೂಟಿನ ದಾರ ಬಿಗಿಯುತ್ತ, “ಇನ್ನೊಂದ ಗೋಲ್ ಐತಿ ಈ ಕಾಲಾಗ, ನೋಡ್ತಿರು” ಎಂದೆ. ಆಗಲೇ ಹೇಳಬೇಕಿತ್ತು. ಸೈಕಲ್ ಹೊಡೆಯಲು ಕಲಿಸಿದವನು ನೀನು. ನಿನ್ನ ಹಳೆಯ ಬೂಟಿನ ಒಳಗೆ ಅರಿವೆ ತುರುಕಿಕೊಂಡು ನಾನು ಆಡಲು ಕಲಿತವನು. ನಿನಗೆ ‘ಸಾಕು, ಬಾ’ ಎನ್ನುವುದು ಹೇಗೆ? ಏಳು ನಿಮಿಷ ಕಾದೆ. ಆಮೇಲೆ ನಿನ್ನ ಬದಲಿಗೆ ಬೆಂಚಿನಿಂದ ರಾಮಲಿಂಗನನ್ನು ಎಬ್ಬಿಸಿ, ಹಲಗೆಯವನಿಗೆ ನಂಬರು ಹೇಳಿ, ಒಂದು ಖಾಲಿ ಕಾಗದ ಹಿಡಿದು ತಲೆ ತಗ್ಗಿಸಿದೆ. ನನ್ನ ಅಣ್ಣನಿಗೆ ಹೇಳಬೇಕಾದ ಮಾತನ್ನು ಒಂದು ಹಲಗೆಯ ಕೈಯಲ್ಲಿ ಹೇಳಿಸಿದೆ.

ಆ ಮೇಲೆ ಯಾರನ್ನೂ ಹಾಗೆ ಕರೆದಿಲ್ಲ. ಹದಿಮೂರು ವರ್ಷದ ಹುಡುಗನಾದರೂ ಮೊದಲು ಕೈ ಹಿಡಿದು ಕಾರಣ ಹೇಳುತ್ತೇನೆ. ಇಲ್ಲಿಯ ಪತ್ರಿಕೆಯವರು ಅದನ್ನು ನನ್ನ ದೊಡ್ಡ ಗುಣ ಎಂದು ಬರೆಯುತ್ತಾರೆ, ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಹಿಡಿದ ಕೈ ಯಾರದೇ ಇರಲಿ ಅಣ್ಣಾ, ಆ ಹೊತ್ತಿಗೆ ನನಗೆ ಕಾಣುವುದು ನೀನು ಆಚೆ ತುದಿಯಿಂದ ನಡೆದು ಬರುವುದು.

ನೀನು ಬರೆದೆ. ನಾಲ್ಕೇ ಸಾಲು. ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದೇನೆ.

ವೈನಿಗೆ ನಮಸ್ಕಾರ. ರೂಪಾ ಒಳ್ಳೆಯವಳು, ಅವಳ ಮೇಲೆ ಸಿಟ್ಟಾಗಬೇಡ, ಎರಡೂ ವಿಷಯ ಪಾಸು ಮಾಡಿಕೊಳ್ಳುತ್ತಾಳೆ.

ನಿನ್ನ ತಮ್ಮ,
ಬೀರೇಶ


ಅನಗೋಳ
6 ಫೆಬ್ರವರಿ 2025

ಕಾಕಾ,

ಈ ಪತ್ರಕ್ಕೆ ವಿಷಯ, ಉಲ್ಲೇಖ ಏನೂ ಇಲ್ಲ. ಜನವರಿ 16ರ ಪತ್ರ ಅಪ್ಪ ಬರೆದದ್ದಲ್ಲ. ನಾನು ಬರೆದದ್ದು.

ನೀನು ಸಹಿ ಹಾಕುತ್ತೀ, ಕೆಲಸ ಮುಗಿಯುತ್ತದೆ ಎಂದುಕೊಂಡಿದ್ದೆ. ಒಂದು ಚೇಷ್ಟೆ, ಒಳ್ಳೆಯದಕ್ಕಾಗಿ. ನೀನು ಅಪ್ಪನಿಗೆ ಉತ್ತರ ಬರೆಯುತ್ತೀ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ನನಗೇ ಎರಡು ಸಾಲಿಗಿಂತ ಹೆಚ್ಚು ಬರೆಯಲು ಒದ್ದಾಡುವವನು ನೀನು. ಟಪಾಲಿನವರು ಅದನ್ನು ನನ್ನ ಕೈಗೇ ಕೊಟ್ಟರು. ಒಡೆದು ಓದಿದೆ. ಓದಬಾರದಿತ್ತು. ಓದಿದ ಮೇಲೆ ಐದು ದಿನ ಅದನ್ನು ಅಕೌಂಟ್ಸ್ ಪುಸ್ತಕದಲ್ಲಿ ಇಟ್ಟುಕೊಂಡು ತಿರುಗಿದೆ. ಹರಿದು ಹಾಕಿದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನೀನು ಸುಖವಾಗಿರುತ್ತಿದ್ದೆ. ಅಪ್ಪ ಇದ್ದ ಹಾಗೇ ಇರುತ್ತಿದ್ದರು. ನಾನೊಬ್ಬಳೇ ಕೆಟ್ಟವಳು.

ರವಿವಾರ ಖಾನಾಪುರಕ್ಕೆ ಹೋಗಿ ಆಯಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಈ ಕಾಗದ ಯಾರಿಗೆ ಬರದಾನ?”

“ಅಪ್ಪಗ.”

“ಮತ್ತ ನಿನ್ನ ಕಡೆ ಯಾಕೈತಿ?”

ಅಷ್ಟೇ ಕೇಳಿದಳು. ಅಕ್ಕಿ ಆರಿಸಿ ಮುಗಿಸಿ ನನಗೆ ಊಟ ಬಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಮಚ್ಛೆಗೆ ಹೋದೆ. ಪಾಳಿ ಬಿಟ್ಟು ಅಪ್ಪ ಗೇಟಿನಿಂದ ಹೊರಗೆ ಬಂದಾಗ ಕೈಗೆ ಕೊಟ್ಟೆ. ಸ್ಕೂಟರಿಗೆ ಆನಿಕೊಂಡು ಓದಿದರು. ಮೊದಲ ಹಾಳೆಗೇ ತಲೆಯೆತ್ತಿ, “ನಾ ಯಾವಾಗ ಬರದೆ ಅವಗ?” ಎಂದರು. ಹೇಳಿದೆ. ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ. ಅವರು ಮತ್ತೆ ಮೊದಲಿನಿಂದ ಓದತೊಡಗಿದರು. ಹೊರಗೆ ಬಂದ ಜನ “ಏನ್ ಸಂಜಯಣ್ಣ, ಮನಿ ಕಡೆ ಎಲ್ಲಾ ಅರಾಮ ಹೌದಿಲ್ಲೋ?” ಎನ್ನುತ್ತಿದ್ದರು. ಆಮೇಲೆ ಅಪ್ಪ ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿಕೊಂಡು ಸ್ಕೂಟರ್ ಒದ್ದು ಹೊರಟೇ ಹೋದರು. ನಾನು ಅಲ್ಲಿದ್ದೇನೆ ಎಂಬುದೇ ಅವರಿಗೆ ಮರೆತಿತ್ತು. ಬಸ್ಸಿಗೆ ಬಂದೆ.

ಮೂರು ದಿನವಾಯಿತು. ಮನೆಯಲ್ಲಿ ಟೀವಿ ಹಚ್ಚಿಲ್ಲ.

ನೀನು ಕಿಸೆಯಲ್ಲಿ ಇಟ್ಟುಕೊಂಡಿರುವ ಆ ನಾಲ್ಕು ಸಾಲು ತೆಗೆದು ಹಾಕು, ಕಾಕಾ. ಅದು ಅಪ್ಪನದಲ್ಲ. ತಪ್ಪಾಯಿತು.

ರೂಪಾ


ಮಡಗಾಂವ್
13 ಫೆಬ್ರವರಿ 2025

ರೂಪಾ,

ನನಗೇ ತಿಳಿಯಬೇಕಿತ್ತು. ಅಣ್ಣ ಯಾವತ್ತೂ ‘ಸಂತೋಷವಾಯಿತು’ ಎಂದವನಲ್ಲ. ಬೇಕು ಅನ್ನಿಸಿತ್ತು, ನಂಬಿದೆ.

ಸಹಿ ಹಾಕಿಯಾಗಿದೆ. ಕೆಲಸ ಮಾಡುತ್ತೇನೆ.

ನೀನು ಅವನಿಗೆ ಕೊಟ್ಟದ್ದು ಒಳ್ಳೆಯದಾಯಿತು. ಆದರೆ ಸ್ವಲ್ಪ ದಿನ ಬರೆಯಬೇಡ.

ಬೀರೇಶ


ಅನಗೋಳ
9 ಮಾರ್ಚ್ 2025

ಕಾಕಾ,

ಬರೆಯಬೇಡ ಎಂದಿದ್ದೆ. ಇದನ್ನು ನಾನು ಬರೆಯುತ್ತಿಲ್ಲ. ಹೇಳುತ್ತಿರುವವರು ಅಪ್ಪ, ಕೈ ಮಾತ್ರ ನನ್ನದು. ಈಗಷ್ಟೇ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, “ನನ್ನ ಹೆಸರಿಲೆ ಬರಿಯಾಕ ಭಾಳ ಹುರುಪಿತ್ತಲ್ಲ ನಿನಗ? ತಗೋ ಪೆನ್. ಒಂದಕ್ಷರ ನಿಂದು ಬರಬಾರದು” ಎಂದಿದ್ದಾರೆ. ಅವ್ವ ಸಾಕ್ಷಿಗೆ ಕುಳಿತಿದ್ದಾಳೆ. ಇನ್ನು ಮುಂದಿನದೆಲ್ಲ ಅವರ ಮಾತು. ಕಂಸದೊಳಗಿನದು ಮಾತ್ರ ನನ್ನದು. ಕಂಸ ಅವರಿಗೆ ಕಾಣುವುದಿಲ್ಲ, ಕನ್ನಡಕ ಹಾಕಿಲ್ಲ.

ಬೀರ್ಯಾ,

ನಿನ್ನ ಕಾಗದ ಓದೇನಿ. ಒಂದ ತಿಂಗಳಿಂದ ಓದಾಕತ್ತೇನಿ. ಈ ಹುಡುಗಿ ಬರದ ಕಾಗದದಾಗ ‘ನೀ ಮಾಡಿದ್ದು ಸರಿ’ ಅಂತ ಐತಂತ. ಅದು ಸುಳ್ಳ. ನನ್ನ ಕಾಲಾಗ ಗೋಲ್ ಇತ್ತು. ಎಡಗಾಲ ಎಳೀತಿತ್ತು, ಖರೇ. ನಾ ಬಲಗಾಲಿಲೆ ಹೊಡೀತಿದ್ದೆ. ನಾ ಹೋದ ಮ್ಯಾಲ ಬಲಗಡಿಂದ ಒಂದ ಛಲೋ ಚೆಂಡ ಬಂದಿತ್ತಂತ, ರಾಮಲಿಂಗ ಅದನ್ನ ಆಕಾಶಕ್ಕ ಹೊಡದನಂತ. ಮರುದಿನಾ ಕಾರ್ಖಾನ್ಯಾಗ ಒಬ್ಬೊಬ್ಬರನ್ನ ಹಿಡಕೊಂಡ ಕೇಳೀನಿ. ಉಳದ ಮೂವತ್ತೆಂಟ ನಿಮಿಷ ನನಗ ಬಾಯಿಪಾಠ ಐತಿ.

(ಅವ್ವ: “ಆ ಎಡಗಾಲಿಗೆ ಎರಡ ತಿಂಗಳ ಎಣ್ಣಿ ತಿಕ್ಕಿದಾಕಿ ನಾ. ಅದನ್ನೂ ಬರಿ.” ಅಪ್ಪ: “ಅದ ಬ್ಯಾಡ.” ಬರೆದಾಗಿದೆ.)

ಅದಕ್ಕ, ನೀ ತಗದದ್ದು ಸರಿ ಅಂತ ನಾ ಒಪ್ಪೂದಿಲ್ಲ. ನೀನೂ ತಪ್ಪಂತ ಒಪ್ಪಬ್ಯಾಡ. ಕೋಚ್ ಆದಾಂವ ಅಷ್ಟ ಗಟ್ಟಿ ಇರಬೇಕು. ಆದರ ಹಲಗಿ ಬಗ್ಗೆ ನೀ ಬರದೀಯಲ್ಲ. ಅದನ್ನ ಓದಿದ ಮ್ಯಾಲ ನನಗ...

(ಇಲ್ಲಿ ಅಪ್ಪ ಎದ್ದು ಹೋಗಿ ನೀರು ಕುಡಿದು ಬಂದರು.)

ಎಲ್ಲೀತನಾ ಬಂದಿತ್ತು? ಇರಲಿ. ಮುಂದ ಬರಿ. ನಿನ್ನ ತಂಡದಾಗ ಬಲಗಡೆ ಹಿಂದ ಆಡೂ ಹುಡುಗ ಮುಂದ ಹೋದರ ತಿರುಗಿ ಬರೂದಽ ಇಲ್ಲ. ಅವನ ಹಿಂದ ಒಂದ ಎಕರೆ ಜಾಗಾ ಖಾಲಿ ಬಿದ್ದಿರ್ತೈತಿ. ನಿನಗ ಕಾಣವಲ್ದೇನ? ಸಹಿ ಹಾಕಿದ್ದು ಛಲೋ ಆತು. ನೀ ನನ್ನ ಕೇಳಬೇಕಂತ ಮಾಡಿದ್ದಿಯಲ್ಲ, ಅಷ್ಟ ಸಾಕು.

(ಸಹಿಯ ಮಾತನ್ನು ಬಲಗಡೆಯ ಹುಡುಗನ ಮಾತಿನ ಬೆನ್ನಿಗೇ, ಉಸಿರು ಬಿಡದೆ ಹೇಳಿದರು. ಎರಡೂ ಒಂದೇ ವಿಷಯ ಎಂಬಂತೆ.)

ಬರೂ ರವಿವಾರ ನಿಮ್ಮ ಮೈದಾನದಾಗ ಮ್ಯಾಚ್ ಐತಿ. ನಾ, ನಿನ್ನ ವೈನಿ, ಈ ಖೊಟ್ಟಿ ಹುಡುಗಿ ರೈಲಿಗೆ ಬರತೀವಿ. ಖಾನಾಪುರದಾಗ ನಮ್ಮವ್ವನ್ನ ಹತ್ತಿಸಿಕೋತೀವಿ. ಮ್ಯಾಚ್ ಮುಗಿಯೂತನಾ ನಾ ನಿನ್ನ ಹಂತ್ಯಾಕ ಬರೂದಿಲ್ಲ. ಆಟದ ಹೊತ್ತಿನ್ಯಾಗ ಕೋಚ್‌ಗ ತ್ರಾಸ ಕೊಡಬಾರದು. ಸೋತ್ರ ಸೋಲು, ಗೆದ್ರ ಗೆಲ್ಲು. ಆಮ್ಯಾಲ ಮಂದಿ ಎಲ್ಲಾ ಹೋಗಲಿ. ನಿಮ್ಮ ಕಾವಲಿನವರಿಗೆ ಹೇಳಿಡು, ಒಬ್ಬ ಮನಷ್ಯಾ ಮೈದಾನದಾಗ ಇಳೀತಾನ, ಹಿಡೀಬ್ಯಾಡ್ರಿ ಅಂತ. ನಾ ಆಚೀ ತುದ್ಯಾಗ ಹೋಗಿ ನಿಲ್ಲತೀನಿ. ನೀ ಬೆಂಚಿನಿಂದ ಎದ್ದು ಅಲ್ಲೀತನಾ ನಡಕೋತ ಬರಬೇಕು. ಕೈ ಹಿಡಿ. ಮಾರಿ ನೋಡು. ಕಾರಣ ಹೇಳು. ನಾ ಜಗಳಾ ಮಾಡೇ ಮಾಡತೀನಿ, ನೀ ಕೈ ಬಿಡಬ್ಯಾಡ. ಮಾಡಿ ಮುಗಿದ ಮ್ಯಾಲ ‘ಅಣ್ಣಾ, ಹೊರಗ ಬಾ’ ಅನ್ನು.

ಆ ದಿನಾ ಗೇಟ್ ದಾಟಿ ನಾ ಹೊರಗ ಹೋದೆ ಅಂತ ಎಲ್ಲಾರೂ ತಿಳಕೊಂಡಾರ. ನಾ ಹೋಗಿಲ್ಲೋ ತಮ್ಮಾ. ಏಳ ವರ್ಷದಿಂದ ಅಲ್ಲೇ ನಿಂತೀನಿ. ಕಾಲ ಸೋತಾವು. ನೀ ಬಂದು ಕರದ್ರ ಬರತೀನಿ.

(ಕೆಳಗಿನ ಸಹಿ ಅವರದೇ ಕೈಯದು.)

ನಿನ್ನ ಅಣ್ಣ,
ಸಂಜಯ